ಗಾಯ ಮಾಯ್ದ ಮೇಲೂ ಉರಿ ಯಾಕೆ?

ಮಕ್ಕಳೇ, "ಸರ್, ನೀವ್ಯಾಕೆ ಎಡಗಡೆ ಅಂಗಿ ಎತ್ತಿ ಹಿಡಕೊಂಡು ಪಾಠ ಮಾಡ್ತೀರಿ?" ಎಂದು ಏಳನೇ ತರಗತಿಯವರು ಕೇಳಿದ್ದಿರಿ. ಎಲ್ಲರಿಗೂ ತಿಳಿಯಲಿ ಎಂದು ಉತ್ತರವನ್ನು ಗೋಡೆ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ನನಗೆ ಸರ್ಪಸುತ್ತು ಆಗಿತ್ತು. ನಮ್ಮ ಖಾನಾಪುರದ ಕಡೆ ಮರಾಠಿ ಮಾತಾಡುವವರು ಇದಕ್ಕೆ ನಾಗೀಣ ಅಂತಾರೆ. ಹಾವಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ. ತಲೆ-ಬಾಲ ಕೂಡಿದರೆ ಮನುಷ್ಯ ಸಾಯ್ತಾನೆ ಅನ್ನೋದೂ ಸುಳ್ಳು. ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ ಬೆನ್ನುಹುರಿಯ ಪಕ್ಕದ ನರದ ಗಂಟಿನಲ್ಲಿ ಮಲಗಿರುತ್ತದೆ. ವಯಸ್ಸಾಗಿ ಮೈಯ ಶಕ್ತಿ ಕುಂದಿದಾಗ ಎದ್ದು, ಅದೇ ನರದ ಗುಂಟ ಚರ್ಮಕ್ಕೆ ಬರುತ್ತದೆ. ಅದಕ್ಕೇ ಗುಳ್ಳೆಗಳು ಒಂದೇ ಮಗ್ಗುಲಿಗೆ, ಪಟ್ಟಿ ಎಳೆದಂತೆ ಏಳುತ್ತವೆ.

ಗುಳ್ಳೆ ಮೂರು ವಾರದಲ್ಲಿ ಒಣಗಿದವು. ಉರಿ ಹೋಗಲಿಲ್ಲ. ಅಂಗಿ ತಾಗಿದರೂ ಕೆಂಡ ಇಟ್ಟಂತೆ. ಬೆಳಗಾವಿ ಬಸ್ಸಿನಲ್ಲಿ ಪಕ್ಕದವರ ಚೀಲ ತಗುಲಿದರೆ ಕಣ್ಣಲ್ಲಿ ನೀರು. ಚರ್ಮದ ಮೇಲೆ ಕಲೆ ಬಿಟ್ಟು ಏನೂ ಇಲ್ಲ. "ಏನೂ ಆಗಿಲ್ಲ ಬಿಡ್ರಿ, ಮನಸ್ಸಿನ ಭ್ರಮೆ" ಎಂದವರು ಭಾಳ ಮಂದಿ. ಅವರಲ್ಲಿ ಒಬ್ಬ ಡಾಕ್ಟರೂ ಇದ್ದರು. ಭ್ರಮೆಯೇ ಇರಬಹುದೇ ಎಂದು ನನಗೇ ಅನುಮಾನ ಹತ್ತಿತ್ತು.

ಕಡೆಗೆ ಬೆಳಗಾವಿಯ ನರರೋಗ ತಜ್ಞರೊಬ್ಬರು ತಿಳಿಸಿ ಹೇಳಿದರು. ನೋವು ಕರೆಗಂಟೆ ಇದ್ದಂತೆ. ನನ್ನಲ್ಲಿ ಗಂಟೆಯ ತಂತಿಯೇ ಕೆಟ್ಟಿದೆ, ಯಾರೂ ಒತ್ತದಿದ್ದರೂ ಬಾರಿಸುತ್ತದೆ. ಇದೇ ನರನೋವು. ಸಕ್ಕರೆ ಕಾಯಿಲೆಯ ಕೆಲವರಿಗೆ ಪಾದ ಉರಿಯುವುದೂ ಇದೇ ಜಾತಿ. ಸಾಮಾನ್ಯ ನೋವಿನ ಗುಳಿಗೆ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ನಾನು ತಗೊಳ್ಳುವ ಗ್ಯಾಬಪೆಂಟಿನ್ ಮೊದಲು ಮೂರ್ಛೆರೋಗಕ್ಕೆ ಬಂದ ಔಷಧ. ರೋಗಿಗಳ ಮೇಲೆ ಪರೀಕ್ಷೆ ನಡೆದು, 2002ರಲ್ಲಿ ಅಮೆರಿಕದಲ್ಲಿ ಸರ್ಪಸುತ್ತಿನ ನಂತರದ ನೋವಿಗೂ ಒಪ್ಪಿಗೆ ಸಿಕ್ಕಿತು. "ಹತ್ತರಲ್ಲಿ ನೋವು ಎಷ್ಟು?" ಎಂದು ಡಾಕ್ಟರು ಕೇಳುತ್ತಾರೆ. ಎಂಟು ಇದ್ದದ್ದು ಈಗ ನಾಲ್ಕು. ಪೂರ್ತಿ ಹೋಗಿಲ್ಲ. ನಿದ್ದೆ ಬರುತ್ತದೆ, ಗುಳಿಗೆಯ ದೆಸೆಯಿಂದ ಒಮ್ಮೊಮ್ಮೆ ಮಧ್ಯಾಹ್ನದ ಪಾಠದಲ್ಲೂ! ನೀವು ನೋಡಿದ್ದೀರಿ.

ಈಗ ಮೆಣಸಿನಕಾಯಿ ಕಥೆ. ನಮ್ಮ ಜಿಲ್ಲೆಯ ಸಂಕೇಶ್ವರಿ ಮೆಣಸಿನಕಾಯಿ ಕಡಿದರೆ ಬಾಯಿ ಸುಟ್ಟಿತು ಅಂತೀವಿ. ಬೆಂಕಿ ಎಲ್ಲಿದೆ? ಖಾರದ ಸತ್ವವಾದ ಕ್ಯಾಪ್ಸೈಸಿನ್ ಮತ್ತು ಸುಮಾರು 43 ಡಿಗ್ರಿ ದಾಟಿದ ಬಿಸಿ, ಎರಡೂ ನರದ ತುದಿಯ ಒಂದೇ ಬಾಗಿಲನ್ನು ತೆರೆಯುತ್ತವೆ ಎಂದು ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. 2021ರ ನೊಬೆಲ್ ಬಹುಮಾನದಲ್ಲಿ ಅವರಿಗೂ ಪಾಲು ಬಂತು. ಮೆಣಸಿನಕಾಯಿಗೆ ನೊಬೆಲ್ಲೇ ಅಂತ ನಗಬೇಡಿ. ಇದೇ ಸತ್ವದ ಪಟ್ಟಿಯನ್ನು ಆಸ್ಪತ್ರೆಯಲ್ಲಿ ಚರ್ಮಕ್ಕೆ ಅಂಟಿಸಿದರೆ ಮೊದಲು ಉರಿಯುತ್ತದೆ, ಆಮೇಲೆ ಕೆಲವರಿಗೆ ತಿಂಗಳುಗಟ್ಟಲೆ ನರನೋವು ತಗ್ಗುತ್ತದೆ. ಮನೆಯ ಖಾರದಪುಡಿ ಹಚ್ಚೀರಿ ಮತ್ತ!

ಅಜ್ಜ-ಅಜ್ಜಿಗೆ ಒಂದೇ ಮಗ್ಗುಲಿಗೆ ಉರಿ ಬಂದು ನೀರುಗುಳ್ಳೆ ಎದ್ದರೆ ಕೆಮ್ಮಣ್ಣು ಬಳಿದು ಕೂರಿಸಬೇಡಿ, ಡಾಕ್ಟರಿಗೆ ತೋರಿಸಿ. ಗುಳ್ಳೆ ಕಂಡ 72 ಗಂಟೆಯೊಳಗೆ ಅಸೈಕ್ಲೋವಿರ್‌ನಂಥ ಗುಳಿಗೆ ಶುರುವಾದರೆ ಗುಳ್ಳೆ ಬೇಗ ಒಣಗುತ್ತವೆ, ಆ ದಿನಗಳ ನೋವೂ ಕಡಿಮೆ. ಕಣ್ಣಿನ ಹತ್ತಿರ ಎದ್ದರಂತೂ ಅವತ್ತೇ ಬೆಳಗಾವಿಗೆ ಹೊರಡಬೇಕು.