ಹಸಿ ಸೊಪ್ಪಿನಿಂದ ಬೆಂಕಿ ಬಡಿಯುವವರು

ಶಿವರಾತ್ರಿ ಹತ್ತಿರ ಬಂತೆಂದರೆ ಬೆಂಗಳೂರಿನ ಕೆಂಗೇರಿ ಕಡೆಯ ತುರಹಳ್ಳಿ ಕಾಡಿನ ಹುಲ್ಲು ಒಣಗಿ ನಿಲ್ಲುತ್ತದೆ. ಮೈಸೂರು ರಸ್ತೆ ಹಿಡಿದು ಮುಂದೆ ಹೋದರೆ ಗುಂಡ್ಲುಪೇಟೆ, ಅದರಾಚೆ ಬಂಡೀಪುರ ಹುಲಿ ಮೀಸಲು ಕಾಡು. 2019ರ ಫೆಬ್ರವರಿ ಕೊನೆಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ರಾಜಾಜಿನಗರ, ವಿಜಯನಗರದ ನಾವು ಮೊಬೈಲಿನಲ್ಲಿ ಹೊಗೆ ನೋಡಿ ಮರುಗಿದೆವು. ಜೊತೆಗೆ ಒಂದಷ್ಟು ತಪ್ಪು ತಿಳಿವಳಿಕೆಯನ್ನೂ ಹಂಚಿದೆವು.

ತಪ್ಪು ಕಲ್ಪನೆ: ಬಿದಿರಿಗೆ ಬಿದಿರು ಉಜ್ಜಿ ಕಾಡಿಗೆ ತಾನಾಗಿಯೇ ಬೆಂಕಿ ಹತ್ತುತ್ತದೆ.

ವಾಸ್ತವ: ಶಾಲೆಯಲ್ಲಿ ನಾವೂ ಇದನ್ನೇ ಬರೆದು ಅಂಕ ಗಿಟ್ಟಿಸಿದವರು. ನಿಸರ್ಗದಲ್ಲಿ ಕಿಡಿ ಹಚ್ಚಬಲ್ಲದ್ದು ಮುಖ್ಯವಾಗಿ ಸಿಡಿಲು. ನಮ್ಮಲ್ಲಿ ಅದು ಸಾಮಾನ್ಯವಾಗಿ ಮಳೆಯ ಜೊತೆಗೇ ಬರುತ್ತದೆ, ಫೆಬ್ರವರಿಯ ಒಣ ಬಿಸಿಲಿನಲ್ಲಲ್ಲ. ಬಹುಪಾಲು ಕಾಡ್ಗಿಚ್ಚಿನ ಹಿಂದೆ ಇರುವುದು ಮನುಷ್ಯನ ಕೈ: ಆರಿಸದ ಬೀಡಿ, ದನಕ್ಕೆ ಹೊಸ ಹುಲ್ಲಿನ ಆಸೆ, ಹೊಲದಂಚಿನ ಕಸದ ಬೆಂಕಿ, ಕೆಲವೊಮ್ಮೆ ಹಗೆ. ತಾನಾಗಿಯೇ ಹತ್ತಿತು ಎಂದರೆ ಯಾರನ್ನೂ ಕೇಳಬೇಕಿಲ್ಲ ನೋಡಿ!

ತಪ್ಪು ಕಲ್ಪನೆ: ಗುಡ್ಡಕ್ಕೆ ಬೆಂಕಿ ಬಿದ್ದರೆ ಮಳೆ ಬರುತ್ತದೆ.

ವಾಸ್ತವ: ನಂಬಿಕೆ ಹುಟ್ಟಿದ್ದು ಸುಮ್ಮನೆ ಅಲ್ಲ. ಗುಡ್ಡ ಉರಿಯುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಮಾವಿನ ಮಳೆ ಬರುವುದು ಅದರ ಬೆನ್ನಿಗೇ. ಆದರೆ ಗುಡ್ಡ ಉರಿಯದ ವರ್ಷವೂ ಆ ಮಳೆ ಬಂದೇ ಬರುತ್ತದೆ.

ತಪ್ಪು ಕಲ್ಪನೆ: ಬಂಡೀಪುರದ ಬೆಂಕಿ ಆರಿಸಿದ್ದು ಹೆಲಿಕಾಪ್ಟರ್.

ವಾಸ್ತವ: ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿದದ್ದು ನಿಜ; ಕಡಿದಾದ ಗುಡ್ಡಗಳಲ್ಲಿ ಅದು ನೆರವಾಯಿತು. ಆದರೆ ಅವು ಬಂದದ್ದು ಫೆಬ್ರವರಿ 25ರಂದು. ಉಪಗ್ರಹ ಚಿತ್ರಗಳ ಅಂದಾಜಿನಂತೆ ಸುಮಾರು 4,400 ಹೆಕ್ಟೇರ್ ಸುಟ್ಟ ಆ ಬೆಂಕಿಯ ಎದುರು ಅದಕ್ಕೂ ಮೊದಲೇ ದಿನಗಟ್ಟಲೆ ನಿಂತವರು ಅರಣ್ಯ ಸಿಬ್ಬಂದಿ, ಬೆಂಕಿ ಕಾವಲುಗಾರರು, ಕಾಡಂಚಿನ ಹಳ್ಳಿಯವರು, ಸ್ವಯಂಸೇವಕರು. ಗುಡ್ಡಕ್ಕೆ ಅಗ್ನಿಶಾಮಕ ಲಾರಿ ಹತ್ತುವುದಿಲ್ಲ. ಹೊತ್ತು ತಂದ ನೀರು ಕುಡಿಯಲು ಮಾತ್ರ. ಹಾಗಾಗಿ ಹಸಿ ಸೊಪ್ಪಿನ ಕೊಂಬೆಯೇ ಆಯುಧ: ಸುಟ್ಟ ನೆಲದ ಕಡೆ ನಿಂತು, ಜ್ವಾಲೆಯ ಬುಡಕ್ಕೆ ಬಡಿಯಬೇಕು. ಗಾಳಿ ಇಳಿದು ತಂಪು ಹತ್ತುವ ರಾತ್ರಿಯೇ ಅವರಿಗೆ ಕೆಲಸದ ಹೊತ್ತು. ಬೆಂಕಿ ದಾಟದಂತೆ ಬೇಸಿಗೆಗೆ ಮೊದಲೇ ಬೆಂಕಿ ರೇಖೆ ಸವರಿಡುವುದು, ಬೆಂಕಿ ಆರಿದ ಮೇಲೂ ಹೊಗೆಯಾಡುವ ಬೊಡ್ಡೆಗಳನ್ನು ಕಾಯುವುದು, ಇವನ್ನು ಯಾರೂ ವಿಡಿಯೋ ಮಾಡುವುದಿಲ್ಲ. 2017ರ ಫೆಬ್ರವರಿಯಲ್ಲಿ ಇದೇ ಬಂಡೀಪುರದಲ್ಲಿ ಬೆಂಕಿಗೆ ಸಿಕ್ಕಿ ಅರಣ್ಯ ರಕ್ಷಕರೊಬ್ಬರು ಪ್ರಾಣ ಬಿಟ್ಟರು.

ತಪ್ಪು ಕಲ್ಪನೆ: ಮನಸ್ಸಿದ್ದರೆ ಸಾಕು, ಕಾರು ಹತ್ತಿ ಹೋಗಿ ಬೆಂಕಿ ಆರಿಸಬಹುದು.

ವಾಸ್ತವ: ಮನಸ್ಸು ನಮಗೂ ಬಂದಿತ್ತು. ಆದರೆ ಅನುಮತಿಯಿಲ್ಲದೆ ಹುಲಿ ಮೀಸಲು ಪ್ರದೇಶ ಹೊಗುವುದು ಅಪರಾಧ. ಬೆಂಕಿ ಇಳಿಜಾರಿಗಿಂತ ಏರಿನಲ್ಲಿ ವೇಗವಾಗಿ ಓಡುತ್ತದೆ. ಗುಡ್ಡದ ತುದಿಗೆ ಹತ್ತಿ ಬಚಾವಾಗುತ್ತೇನೆ ಅಂದುಕೊಂಡವನನ್ನೇ ಅದು ಹಿಡಿಯುತ್ತದೆ. ನಾವು ಹಾಕಿಕೊಂಡು ಹೋಗುವ ಪಾಲಿಯೆಸ್ಟರ್ ಪ್ಯಾಂಟು ಬಿಸಿಗೆ ಕರಗಿ ಮೈಗಂಟುತ್ತದೆ. ಬೇಕಾದದ್ದು ದಪ್ಪ ಹತ್ತಿ ಬಟ್ಟೆ, ಗಟ್ಟಿ ಬೂಟು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಸುಮಾರು 70,000 ಸ್ವಯಂಸೇವಕರ ದಳವೇ ಇದೆ, ಆದರೆ ತರಬೇತಿಯಿಲ್ಲದೆ ಯಾರನ್ನೂ ಬೆಂಕಿಯ ಮುಂದೆ ಬಿಡುವುದಿಲ್ಲ.

ತಪ್ಪು ಕಲ್ಪನೆ: ಹಾಗಾದರೆ ಊಟ, ನೀರು ಕಳಿಸುವುದೆಲ್ಲ ತೋರಿಕೆಯ ಸೇವೆ.

ವಾಸ್ತವ: ಇಡೀ ರಾತ್ರಿ ಕೊಂಬೆ ಬೀಸಿದವನನ್ನು ಬೆಳಿಗ್ಗೆ ಕೆಡವುವುದು ಬಳಲಿಕೆ ಮತ್ತು ನೀರಡಿಕೆ. ಒಲೆ ಮುಂದೆ ಕೂತು ಚಿತ್ರಾನ್ನ ಕಲಸಿದ ಹೆಂಗಸಿನ ಪಾಲೂ ಆ ಕೆಲಸದಲ್ಲಿದೆ. ತಪ್ಪಾಗುವುದು ನಾವು ಕೇಳದೆ ಕಳಿಸಿದಾಗ. ಬಿಸ್ಕತ್ತಿನ ರಾಶಿ ಬೀಳುತ್ತದೆ, ಟಾರ್ಚಿನ ಬ್ಯಾಟರಿ ಇರುವುದಿಲ್ಲ. ಏನು ಬೇಕೆಂದು ಅರಣ್ಯ ಇಲಾಖೆಯ ವಲಯ ಕಚೇರಿಗೆ ಮೊದಲು ಫೋನು ಮಾಡಿ. ಇನ್ನೂ ಒಂದು ಮಾತು: ಬೆಂಕಿ ಕಾವಲುಗಾರರು ಬೇಸಿಗೆಯ ಕೆಲವು ತಿಂಗಳಿಗೆ ಮಾತ್ರ ಕೂಲಿಗೆ ಬರುವವರು. ಅವರಿಗೆ ಶಾಲು, ಹಾರಕ್ಕಿಂತ ಹೊತ್ತಿಗೆ ಸರಿಯಾಗಿ ಕೂಲಿ ಮತ್ತು ವಿಮೆ ಮುಖ್ಯ.

ತಪ್ಪು ಕಲ್ಪನೆ: ಕಾಡಿನ ಜನರೇ ಕಾಡು ಸುಡುವವರು.

ವಾಸ್ತವ: ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ತರಗು ಬೆಂಕಿ ಹಾಕುತ್ತಿದ್ದರು. ಬೇಸಿಗೆ ಬಲಿಯುವ ಮೊದಲೇ ತರಗೆಲೆ ಮಾತ್ರ ಸುಡುವ ತೆಳು ಬೆಂಕಿ ಅದು. 1970ರ ದಶಕದಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ಆ ಪದ್ಧತಿ ನಿಂತಿತು. ಆಮೇಲೆ ಲಂಟಾನ ಪೊದೆ ಹಬ್ಬಿತು, ಬೆಂಕಿ ಬಿದ್ದರೆ ಉರಿ ಮರದೆತ್ತರಕ್ಕೆ ಏಳತೊಡಗಿತು ಎನ್ನುತ್ತಾರೆ ಸೋಲಿಗರು. ಲಂಟಾನ ಹಬ್ಬಲು ಬೇರೆ ಕಾರಣಗಳೂ ಇರಬಹುದು. ಆದರೆ ಬಿರುಬಿಸಿಲಿನಲ್ಲಿ ಕಿಡಿಗೇಡಿ ಹಚ್ಚುವ ಬೆಂಕಿಯನ್ನೂ ಸೋಲಿಗರ ತರಗು ಬೆಂಕಿಯನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ.

ತಪ್ಪು ಕಲ್ಪನೆ: ನಮ್ಮ ಬಡಾವಣೆಗೆ ಇದೆಲ್ಲ ಸಂಬಂಧವಿಲ್ಲ.

ವಾಸ್ತವ: ಬಸವೇಶ್ವರನಗರದ ಬೀದಿ ಮೂಲೆಯಲ್ಲಿ ತರಗೆಲೆ ಗುಡ್ಡೆ ಹಾಕಿ ಕಡ್ಡಿ ಗೀರುವ ಕೈಗೂ ಹೊಲದಂಚಿನ ಕೈಗೂ ಏನು ವ್ಯತ್ಯಾಸ? ಬೀದಿಯಲ್ಲಿ ಹೀಗೆ ಸುಡುವುದನ್ನು ಘನತ್ಯಾಜ್ಯ ನಿಯಮಗಳು ನಿಷೇಧಿಸಿವೆ. ಎಲೆ ಗೊಬ್ಬರದ ಗುಂಡಿಗೆ ಹೋಗಲಿ. ತುರಹಳ್ಳಿಯಲ್ಲಿ ಹೊಗೆ ಕಂಡರೆ ಅರಣ್ಯ ಸಹಾಯವಾಣಿ 1926ಕ್ಕೆ, ಊರೊಳಗಾದರೆ 112ಕ್ಕೆ ಕರೆ ಮಾಡಿ. ವಿಡಿಯೋ ಆಮೇಲೆ.