ಯಂತ್ರ ಬರೆದ ಉದ್ರಿ ಪುಸ್ತಕ

ಹಮ್ಮಿಗಿಯಲ್ಲಿ ನಮ್ಮ ಅಬ್ಬಾ ಅವರದು ಸಣ್ಣ ಕಿರಾಣಿ ಅಂಗಡಿ. ಉದ್ರಿ ಲೆಕ್ಕವೆಲ್ಲ ಒಂದು ಉದ್ದನೆಯ ಪುಸ್ತಕದಲ್ಲಿದೆ. ರಜೆಯಲ್ಲಿ ಅದನ್ನು ಕಂಪ್ಯೂಟರಿಗೆ ಹಾಕೋಣವೆಂದು ಕೃತಕ ಬುದ್ಧಿಮತ್ತೆಯಿಂದ, ಅಂದರೆ ಎಐನಿಂದ, ಒಂದು ಪೈಥಾನ್ ಪ್ರೋಗ್ರಾಂ ಬರೆಸಿದೆ. ಒಂದು ನಿಮಿಷವೂ ಹಿಡಿಯಲಿಲ್ಲ.

ಅದು ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಂ. ಹಾಗೆಂದರೇನು? ನಮ್ಮ ಕಾಮರ್ಸ್ ಮಾತಿನಲ್ಲೇ ಹೇಳುತ್ತೇನೆ. ಖಾತೆ ಪುಟದ ಖಾಲಿ ನಮೂನೆಯೇ 'ಕ್ಲಾಸ್'. ಒಬ್ಬೊಬ್ಬ ಗಿರಾಕಿಯ ಹೆಸರಿನಲ್ಲಿ ತುಂಬಿದ ಪುಟ 'ಆಬ್ಜೆಕ್ಟ್'. ಉದ್ರಿ ಬರೆಯುವುದು, ಜಮಾ ಮಾಡುವುದು, ಬಾಕಿ ತೋರಿಸುವುದು ಅದರ 'ಮೆಥಡ್'ಗಳು.

ಯಂತ್ರ ಇದನ್ನು ಹೇಗೆ ಬರೆಯುತ್ತದೆ? ಒಂದು ಹಳೆಯ ದಾರಿ 'ಜೆನೆಟಿಕ್ ಪ್ರೋಗ್ರಾಮಿಂಗ್'. ಕಂಪ್ಯೂಟರ್ ಮನಬಂದಂತೆ ನೂರಾರು ಪ್ರೋಗ್ರಾಂ ಹುಟ್ಟಿಸುತ್ತದೆ. ಪರೀಕ್ಷೆಯಲ್ಲಿ ಗೆದ್ದವನ್ನು ಉಳಿಸಿ, ಬೆರೆಸಿ, ಮತ್ತೆ ಪರೀಕ್ಷಿಸುತ್ತದೆ. ರೈತರು ಬಿತ್ತನೆಗೆ ಒಳ್ಳೆಯ ಕಾಳು ಆರಿಸಿದ ಹಾಗೆ. 1990ರ ದಶಕದಲ್ಲಿ ಸಂಶೋಧಕರು ಸ್ಟ್ಯಾಕ್, ಕ್ಯೂಗಳಂಥ ಸರಳ ರಚನೆಗಳನ್ನು ಹೀಗೆ ಬರೆಸಿದರು. ಇಂದಿನ ಎಐ ಮನುಷ್ಯರು ಬರೆದ ಅಪಾರ ಕೋಡ್ ಓದಿಕೊಂಡು, ಮುಂದೆ ಯಾವ ಪದ ಬರಬೇಕೆಂದು ಊಹಿಸುತ್ತ ಬರೆಯುತ್ತದೆ.

ಎಐ ತಪ್ಪು ತಿದ್ದಲೂ ಬಲ್ಲದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2017ರಲ್ಲಿ 'ಡೀಪ್‌ಫಿಕ್ಸ್' ಎಂಬ ವ್ಯವಸ್ಥೆಯನ್ನು ಪ್ರಕಟಿಸಿದರು. ವಿದ್ಯಾರ್ಥಿಗಳು ಸಿ ಭಾಷೆಯಲ್ಲಿ ಬರೆದ 6,971 ದೋಷಯುಕ್ತ ಪ್ರೋಗ್ರಾಂಗಳಲ್ಲಿ ಶೇ. 27ರಷ್ಟನ್ನು ಅದು ಪೂರ್ತಿ ಸರಿಪಡಿಸಿತು. ಆದರೆ ಅವು ಕಂಪೈಲರ್ ಹಿಡಿದುಕೊಡುವಂಥ ತಪ್ಪುಗಳು. ಬಿಟ್ಟುಹೋದ ಆವರಣ ಚಿಹ್ನೆ, ಘೋಷಿಸದ ಹೆಸರು, ಹೀಗೆ.

ನನ್ನ ಪ್ರೋಗ್ರಾಂನಲ್ಲಿ ಅಂಥ ತಪ್ಪು ಒಂದೂ ಇರಲಿಲ್ಲ. ಆದರೆ ಅದು ಗಿರಾಕಿಯನ್ನು ಬರೀ ಹೆಸರಿನಿಂದ ಗುರುತಿಸುತ್ತಿತ್ತು. ನಮ್ಮ ಗಿರಾಕಿಗಳಲ್ಲಿ ಒಂದೇ ಹೆಸರಿನವರು ಇಬ್ಬರಿದ್ದಾರೆ. ಒಬ್ಬರ 640 ರೂಪಾಯಿ ಇನ್ನೊಬ್ಬರ ಪುಟಕ್ಕೆ ಸೇರಿತ್ತು. ಒಟ್ಟು ಮೊತ್ತ ಮಾತ್ರ ಸರಿಯಾಗಿ ತಾಳೆಯಾಗಿತ್ತು! ಬೇರೆಯವರ ಖಾತೆಗೆ ಬರೆದ ತಪ್ಪು ಟ್ರಯಲ್ ಬ್ಯಾಲೆನ್ಸಿನಲ್ಲಿ ಕಾಣುವುದಿಲ್ಲವೆಂದು ನಾವು ಓದಿದ್ದೇವಲ್ಲ, ಅದೇ ಇದು.

ಹಿಡಿದವರು ಅಬ್ಬಾ. "ಈ ಕಾಕಾ ಎಂದೂ ಇಷ್ಟು ಉದ್ರಿ ಮಾಡಿದವರಲ್ಲ" ಎಂದರು. ಆಮೇಲೆ, "ಹಿಸಾಬ್ ಅಮಾನತ್ ಹೈ, ಬೇಟಾ" ಎಂದರು. ಲೆಕ್ಕವೆಂದರೆ ಜನ ನಮ್ಮನ್ನು ನಂಬಿ ಇಟ್ಟ ಒತ್ತೆ. ಆ ಕಾಕಾನ ಬಳಿ ಹೋಗಿ ಬಾಕಿ ಕೇಳಿಬಿಟ್ಟಿದ್ದರೆ ನಾನು ಯಾವ ಮುಖ ಹೊತ್ತು ಅವರ ಮುಂದೆ ಓಡಾಡುತ್ತಿದ್ದೆ?

ಈಗ ಪ್ರತಿ ಖಾತೆಗೂ ಒಂದು ನಂಬರ್ ಕೊಟ್ಟಿದ್ದೇನೆ. ನೀವೂ ಎಐನಿಂದ ಪ್ರೋಗ್ರಾಂ ಬರೆಸಿರಿ, ತಪ್ಪೇನಿಲ್ಲ. ಆದರೆ ಬಳಸುವ ಮೊದಲು ಒಂದೇ ಹೆಸರಿನ ಇಬ್ಬರನ್ನು ಸೇರಿಸಿ ನೋಡಿರಿ. ಆ ಲೆಕ್ಕ ಬಲ್ಲ ಹಿರಿಯರಿಗೂ ಒಮ್ಮೆ ತೋರಿಸಿರಿ.