ಎಲುಬು ಕಟ್ಟುವ ವಿದ್ಯೆ: ವಿದ್ಯಾರ್ಥಿ ಸಂಶೋಧನೆ ಮತ್ತು ಪುರಸ್ಕಾರ

ಬೆನ್ನುಮೂಳೆ ಹಾಗೂ ಕೀಲುಗಳನ್ನು ಕೈಯಿಂದ ಒತ್ತಿ ಉಪಚರಿಸುವ ಕೈರೋಪ್ರಾಕ್ಟಿಕ್ ಪದ್ಧತಿಯನ್ನು ಡಿ.ಡಿ. ಪಾಮರ್ 1895ರಲ್ಲಿ ಅಮೆರಿಕದಲ್ಲಿ ಆರಂಭಿಸಿದರು. ಕರ್ನಾಟಕದ ಗ್ರಾಮಗಳಲ್ಲಿ ಇದಕ್ಕೆ ಸಮೀಪವಾದುದು ನಾಟಿವೈದ್ಯರ ಎಲುಬು ಕಟ್ಟುವ ವಿದ್ಯೆ. ಮುರಿದ ಎಲುಬನ್ನು ಕೂಡಿಸುವುದು, ತಪ್ಪಿದ ಕೀಲನ್ನು ಕೂರಿಸುವುದು, ಉಳುಕು ತೆಗೆಯುವುದು ಇದರ ಮುಖ್ಯ ಅಂಗಗಳು.

ಈ ವಿದ್ಯೆಗೆ ಶಾಸ್ತ್ರದ ಆಧಾರವೂ ಉಂಟು. ಸುಶ್ರುತ ಸಂಹಿತೆಯು ಕೀಲು ತಪ್ಪುವುದರಲ್ಲಿ ಆರು, ಎಲುಬು ಮುರಿಯುವುದರಲ್ಲಿ ಹನ್ನೆರಡು ಬಗೆಗಳನ್ನು ಹೇಳುತ್ತದೆ. ಅತ್ತಿ, ಅರಳಿ, ಮುತ್ತುಗ ಮೊದಲಾದ ಮರಗಳ ತೊಗಟೆ ಹಾಗೂ ಬಿದಿರನ್ನು ಆಸರೆಪಟ್ಟಿಗಳಾಗಿ ಬಳಸಬೇಕೆಂದೂ, ಕಟ್ಟನ್ನು ಚಳಿಗಾಲದಲ್ಲಿ ಏಳು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಬದಲಿಸಬೇಕೆಂದೂ ವಿಧಿಸುತ್ತದೆ. ಕಟ್ಟು ಸಡಿಲವಾದರೆ ಎಲುಬು ನಿಲ್ಲದು, ಬಿಗಿಯಾದರೆ ಬಾವು, ನೋವು ಉಂಟಾಗುವುದೆಂಬ ಎಚ್ಚರಿಕೆಯೂ ಅಲ್ಲಿದೆ.

ಆದರೆ ಜನಪದ ವೈದ್ಯದಲ್ಲಿ ಗುಣವಾದವರ ಕಥೆ ಉಳಿಯುತ್ತದೆ. ಗುಣವಾಗದವರ ಲೆಕ್ಕ ಸಾಮಾನ್ಯವಾಗಿ ಉಳಿಯುವುದಿಲ್ಲ. ಬಿಗಿಕಟ್ಟಿನಿಂದ ರಕ್ತಸಂಚಾರ ನಿಂತರೆ ಅಂಗವನ್ನೇ ಕಳೆದುಕೊಳ್ಳಬೇಕಾದೀತು. ಆದುದರಿಂದ ಯಾರಿಗೆ ಕಟ್ಟು ಸಾಕು, ಯಾರನ್ನು ಕೂಡಲೇ ಆಸ್ಪತ್ರೆಗೆ ಕಳುಹಿಸಬೇಕು ಎಂಬುದನ್ನು ದಾಖಲೆಯಿಂದಲೇ ನಿರ್ಣಯಿಸಬೇಕಾಗುತ್ತದೆ.

ಇಂತಹ ದಾಖಲೆಗೆ ವಿದ್ಯಾರ್ಥಿಗಳು ನೆರವಾಗಬಲ್ಲರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1979ರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗಾಗಿ ಅಲ್ಪಾವಧಿ ಸಂಶೋಧನಾ ವೇತನವನ್ನು ಆರಂಭಿಸಿತು. ಕೇಂದ್ರೀಯ ಆಯುರ್ವೇದ ವಿಜ್ಞಾನ ಸಂಶೋಧನಾ ಪರಿಷತ್ತು 2022ರಲ್ಲಿ ಆಯುರ್ವೇದ ವಿದ್ಯಾರ್ಥಿಗಳಿಗಾಗಿ ‘ಸ್ಪಾರ್ಕ್’ ಯೋಜನೆಯನ್ನು ತಂದಿತು. ಎರಡೂ ಎರಡು ತಿಂಗಳ ಅವಧಿಯವಾಗಿ ರೂಪುಗೊಂಡವು. ಪದವಿ ಹಂತದಲ್ಲಿಯೇ ಪ್ರಶ್ನಿಸುವ, ಅಳೆಯುವ, ಬರೆದಿಡುವ ಅಭ್ಯಾಸವನ್ನು ಬೆಳೆಸಿದುದು ಇವುಗಳ ಹಿರಿಮೆ.

ಎಲುಬಿನ ವಿಷಯದಲ್ಲಿ ಮಾತ್ರ ಈ ಅವಧಿ ಸಾಲದು. ವಯಸ್ಕರ ಮೊಣಕಾಲ ಕೆಳಗಿನ ಎಲುಬು ಮುರಿದರೆ ಕೂಡಲು ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳು ಬೇಕು. ಎರಡು ತಿಂಗಳಲ್ಲಿ ವಿದ್ಯಾರ್ಥಿಯು ಕಟ್ಟುವ ಕ್ರಮವನ್ನು ಕಾಣಬಲ್ಲನು, ಫಲವನ್ನು ಕಾಣಲಾರನು. ಮುಂಡಗೋಡ ತಾಲ್ಲೂಕಿನ ಮಳಗಿಯಂತಹ ಊರಿನಲ್ಲಿ ಗಾಯಾಳು ಮರಳಿ ಗದ್ದೆಗಿಳಿದನೇ ಎಂಬುದೇ ಚಿಕಿತ್ಸೆಯ ನಿಜವಾದ ಪರೀಕ್ಷೆ.

ಆದಕಾರಣ ಪುರಸ್ಕಾರವನ್ನು ಎರಡು ಕಂತುಗಳಾಗಿ ವಿಭಜಿಸುವುದು ಯುಕ್ತ: ಮೊದಲನೆಯದು ಕ್ಷೇತ್ರಕಾರ್ಯಕ್ಕೆ, ಎರಡನೆಯದು ಆರು ತಿಂಗಳ ನಂತರದ ಮರುಭೇಟಿಗೆ. ವಿಫಲ ಪ್ರಕರಣವನ್ನು ಪ್ರಾಮಾಣಿಕವಾಗಿ ದಾಖಲಿಸಿದವನಿಗೂ ಸಮಾನ ಮನ್ನಣೆ ಸಲ್ಲಬೇಕು. ವೈದ್ಯರ ಒಪ್ಪಿಗೆ ಪಡೆದು, ಅವರ ಹೆಸರನ್ನು ವರದಿಯಲ್ಲಿ ಕಾಣಿಸುವುದೂ ಅವಶ್ಯ. ನೆರೆಯ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪಿತವಾದ ಜಾನಪದ ವಿಶ್ವವಿದ್ಯಾಲಯವು ವೈದ್ಯಕೀಯ ಕಾಲೇಜುಗಳೊಡನೆ ಕೂಡಿ ಇದಕ್ಕೆ ಮುಂದಾಗಬಹುದು. ಹಾಗಾದಾಗ ಪುರಸ್ಕಾರವು ಕೇವಲ ಪ್ರಮಾಣಪತ್ರವಾಗಿ ಉಳಿಯದೆ, ವೈದ್ಯರ ಅರಿವಿಗೂ ಗಾಯಾಳುವಿನ ಅಂಗಕ್ಕೂ ರಕ್ಷೆಯಾದೀತು.